ಜಟಕಾ ಕುದುರೆಗೂ ಒಂದು ಲಾಯ ಬೇಕು

ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ, ಕುಕ್ ಟೌನ್ ದಾಟಿ ಟ್ಯಾನರಿ ರಸ್ತೆ ದೇವರಜೀವನಹಳ್ಳಿಗಳ ಕಡೆ ಹೋದರೂ, ಹಿಂತಿರುಗಿ ಶಿವಾಜಿನಗರದ ಕಡೆ ಬಂದರೂ, ಗಲ್ಲಿಗಳಲ್ಲಿ ಇನ್ನೂ ಕುದುರೆಗಳು ಕಾಣುತ್ತವೆ. ಜಟಕಾ ಎಳೆಯುವವು ಕೆಲವು, ಸಾಮಾನಿನ ಗಾಡಿಗೆ ಕಟ್ಟುವವು ಕೆಲವು, ಮದುವೆಯ ಮೆರವಣಿಗೆಗೆ ಸಿಂಗರಿಸಿಕೊಂಡು ಹೋಗುವವು ಕೆಲವು. ಇವುಗಳಿಗೆ ಲಾಯವೆಂಬುದು ಇಲ್ಲ. ಗೋಡೆಗೆ ಹೊಡೆದ ಒಂದು ಗೂಟ, ಮೇಲೆ ಒಂದು ತಗಡು ಅಥವಾ ಹರಕು ಟಾರ್ಪಾಲು, ಕಾಲ ಬುಡದಲ್ಲಿ ಚರಂಡಿ, ಅದೇ ಲಾಯ. ಮೈ ತೊಳೆಯುವುದು ಬೀದಿಯಲ್ಲಿ, ಲಾಳ ಕಟ್ಟುವುದು ಬೀದಿಯಲ್ಲಿ, ಕಾಯಿಲೆ ಬಿದ್ದರೆ ಮಲಗುವುದೂ ಬೀದಿಯಲ್ಲಿ. ಅದೇ ನಗರದ ನಡುಮಧ್ಯದಲ್ಲಿ, ಸುಮಾರು 85 ಎಕರೆ ಸರಕಾರಿ ಜಮೀನಿನಲ್ಲಿ, ಪಂದ್ಯದ ಕುದುರೆಗಳು ತಲೆಯ ಮೇಲೆ ಹೆಂಚು, ಕಾಲ ಕೆಳಗೆ ಹಾಸು, ಪಕ್ಕದಲ್ಲಿ ಪಶುವೈದ್ಯ ಇರುವ ವೈಭವದಲ್ಲಿ ಬಾಳಿ ಬಂದಿವೆ. ದುಡಿಯುವ ಕುದುರೆಗಾಗಿ ನಾವು ಈ ವಾರ ಕೇಳುತ್ತಿರುವುದು 20 ಗುಂಟೆ ಜಾಗ. 85 ಎಕರೆಯ 170ರಲ್ಲಿ ಒಂದು ಪಾಲು.

ದಂಡಿನ ಕುದುರೆಗಳ ವಿಷಯ ನಮಗೇಕೆ ಎಂದು ನಮ್ಮ ಊರಿನ ಓದುಗರಲ್ಲಿ ಕೆಲವರು ಕೇಳಬಹುದು. ಗಿರಣಿಯಲ್ಲಿ ದುಡಿಯುವವನಿಗೆ ವಸತಿ ಬೇಕು, ಸಂತೆಯಲ್ಲಿ ಕೂರುವವನಿಗೆ ಕಟ್ಟೆ ಬೇಕು ಎಂದು ನಾವು ಬರೆದಾಗ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಜಟಕಾ ಓಡಿಸುವವನೂ ಕೈದುಡಿಮೆಯವನೇ. ಅವನ ಬಂಡವಾಳವೆಲ್ಲ ನಾಲ್ಕು ಕಾಲಿನ ಮೇಲೆ ನಿಂತಿದೆ. ಗಿರಣಿಯ ಯಂತ್ರ ಕೆಟ್ಟರೆ ಮಾಲೀಕನಿಗೆ ವಿಮೆಯುಂಟು, ಬ್ಯಾಂಕುಂಟು. ಕುದುರೆ ಕುಂಟಿದರೆ ಗಾಡಿಯವನ ಮನೆಯ ಒಲೆ ಆ ಸಂಜೆಗೇ ಆರುತ್ತದೆ. ಅಷ್ಟೇ ಅಲ್ಲ, ಒಂದು ಪೌರಸಭೆ ಒಂದು ಸಣ್ಣ ಕೆಲಸಕ್ಕೆ ಯೋಜನೆಯನ್ನೂ ಆಯವ್ಯಯವನ್ನೂ ಹೇಗೆ ಮಾಡಬೇಕು, ಹೇಗೆ ಮಾಡಬಾರದು ಎಂಬುದಕ್ಕೆ ಈ ಲಾಯಕ್ಕಿಂತ ಸುಲಭವಾದ ಪಾಠ ಸಿಗಲಾರದು.

2024ರಲ್ಲಿ ದೇವರಜೀವನಹಳ್ಳಿಯಲ್ಲಿ ಕುದುರೆಗೆ ಗ್ಲಾಂಡರ್ಸ್ ರೋಗ ತಗಲಿರುವುದು ಪತ್ತೆಯಾಯಿತು. ಸರಕಾರ ಸುತ್ತಲಿನ 5 ಕಿಲೋಮೀಟರ್ ಪ್ರದೇಶವನ್ನು ರೋಗಪೀಡಿತ ವಲಯವೆಂದು ಸಾರಿತು. ಕುಕ್ ಟೌನ್ ಆ ವಲಯದೊಳಗೇ ಬರುತ್ತದೆ. ಈ ರೋಗದ ಗುಣ ತಿಳಿದರೆ ಲಾಯದ ಅಗತ್ಯ ತಾನಾಗಿ ತಿಳಿಯುತ್ತದೆ. ಕಾಯಿಲೆಯ ಕುದುರೆಯ ಮೂಗಿನಿಂದ ಸುರಿಯುವ ಸಿಂಬಳದಲ್ಲಿ, ಹುಣ್ಣಿನ ಕೀವಿನಲ್ಲಿ ರೋಗಾಣು ಇರುತ್ತದೆ. ಅದು ಒಂದೇ ಬಕೆಟ್ಟಿನಲ್ಲಿ ಮೂತಿಯಿಟ್ಟು ಕುಡಿಯುವ ಇನ್ನೊಂದು ಕುದುರೆಗೆ, ಒಂದೇ ಗೋದಲಿಯಲ್ಲಿ ತಿನ್ನುವ ಮತ್ತೊಂದಕ್ಕೆ ಹರಡುತ್ತದೆ. ಮನುಷ್ಯನಿಗೂ ತಗಲುತ್ತದೆ, ಅದರಲ್ಲಿಯೂ ಹಗಲು ರಾತ್ರಿ ಕುದುರೆಯ ಪಕ್ಕದಲ್ಲಿರುವ ಸೈಸನಿಗೆ. ಇದಕ್ಕೆ ಲಸಿಕೆಯಿಲ್ಲ. ರೋಗ ಖಚಿತವಾದ ಪ್ರಾಣಿಯನ್ನು ಕೊಲ್ಲುವುದೊಂದೇ ದಾರಿ. ರಕ್ತದ ಮಾದರಿ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗಿ ಫಲಿತಾಂಶ ಬರುವವರೆಗೆ ಸಂಶಯದ ಕುದುರೆಯನ್ನು ಬೇರೆಯಾಗಿ ಕಟ್ಟಬೇಕು ಎನ್ನುತ್ತಾರೆ. ಬೇರೆ ಎಂದರೆ ಎಲ್ಲಿ? ಹತ್ತಡಿ ಅಗಲದ ಗಲ್ಲಿಯಲ್ಲಿ ಮೂರು ಮನೆಯವರ ಕುದುರೆಗಳು ಒಂದೇ ಸಾಲಿನಲ್ಲಿ ನಿಂತಿರುವಲ್ಲಿ, ಒಂದನ್ನು ಬೇರೆ ಕಟ್ಟು ಎಂದು ಆಜ್ಞೆ ಮಾಡುವ ಅಧಿಕಾರಿ ಆ ಗೂಟವನ್ನು ಎಲ್ಲಿ ಹೊಡೆಯಬೇಕೆಂದೂ ಹೇಳಬೇಕಲ್ಲವೆ?

ಕುದುರೆಗಳನ್ನು ಕುರಿತು ಕಾನೂನು ಇಲ್ಲವೆಂದಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಕೆಳಗೆ 1965ರಲ್ಲಿ ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳಿಗಾಗಿಯೇ ನಿಯಮಗಳಾದವು. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ 5 ಗಂಟೆ ಮೀರಬಾರದು. ತಾಪ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟಕೂಡದು. 2024ರ ಏಪ್ರಿಲ್ಲಿನಲ್ಲಿ ಬೆಂಗಳೂರಿನ ತಾಪ 38 ಡಿಗ್ರಿ ದಾಟಿದಾಗ ಈ ನಿಯಮ ಇಲ್ಲಿಯೂ ಕಾಗದದಿಂದ ಇಳಿದು ಬರಬೇಕಾಯಿತು. ನಿಯಮ ಒಳ್ಳೆಯದೇ. ಆದರೆ ವಿಶ್ರಾಂತಿ ಕೊಡು ಎನ್ನುವ ಕಾನೂನು ನೆರಳು ಕೊಡಲಿಲ್ಲ, ನೀರಿನ ತೊಟ್ಟಿ ಕೊಡಲಿಲ್ಲ. ಗಾಡಿಯವನು ಮರದ ಕೆಳಗೆ ನಿಲ್ಲಿಸಿದರೆ ಸಂಚಾರಕ್ಕೆ ಅಡ್ಡಿಯೆಂದು ಪೋಲೀಸಿನವನು ಓಡಿಸುತ್ತಾನೆ. ನಿಲ್ಲಿಸದಿದ್ದರೆ ಪ್ರಾಣಿಹಿಂಸೆ. ಎರಡೂ ಕಡೆ ದಂಡ ತೆರುವವನು ಅವನೇ!

ದಂಡು ಎಂಬ ಊರು ಹುಟ್ಟಿದ್ದು ಕುದುರೆಯ ಬೆನ್ನ ಮೇಲೆ. 1809ರಲ್ಲಿ ಆಂಗ್ಲರ ಸೈನ್ಯ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ನೆಲಸಿದಾಗ ರಸ್ತೆಗಳ ಹೆಸರುಗಳೇ ಅದನ್ನು ಸಾರಿದವು. ಇಂದಿನ ಕಾಮರಾಜ ರಸ್ತೆ ಆಗ ಕ್ಯಾವಲ್ರಿ ರಸ್ತೆ. ಜೆ. ಸಿ. ನಗರದಲ್ಲಿ ಮೈಸೂರು ಲಾನ್ಸರ್ಸ್ ದಳದ ಸ್ಮಾರಕಸ್ತಂಭವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಹಿಡಿದ ರಾವುತರಲ್ಲಿ ನಮ್ಮವರಿದ್ದರೆಂಬ ಹೆಮ್ಮೆ ಅಲ್ಲಿ ಕಲ್ಲಾಗಿ ನಿಂತಿದೆ. ಸ್ಮಾರಕ ಬೇಡವೆನ್ನುವವರು ನಾವಲ್ಲ. ಯುದ್ಧದ ಕುದುರೆಗೆ ಸ್ತಂಭ, ಪಂದ್ಯದ ಕುದುರೆಗೆ ಮೈದಾನ, ಗಾಡಿಯ ಕುದುರೆಗೆ ಮಾತ್ರ ಏನೂ ಇಲ್ಲವೆಂಬುದನ್ನು ತೋರಿಸಿದ್ದೇವೆ ಅಷ್ಟೆ. ಕುಕ್ ಟೌನಿಗೆ ಹೆಸರು ಬಂದದ್ದು ದಂಡಿನ ಪೌರಸಭೆಯ ಅಧ್ಯಕ್ಷನಾಗಿದ್ದ ಜಿ. ಎಚ್. ಕುಕ್ ಎಂಬ ಅಧಿಕಾರಿಯಿಂದ. ದಂಡಿನ ಹಳೆಯ ಬಂಗಲೆಗಳ ಹಿತ್ತಲಲ್ಲಿ ಲಾಯವೂ ಸೈಸನ ಕೋಣೆಯೂ ಇರುತ್ತಿದ್ದವು. ದೊರೆಯ ಕುದುರೆಗೆ ಮನೆಯ ನಕ್ಷೆಯಲ್ಲೇ ಸ್ಥಳವಿತ್ತು. ಕಾರು ಬಂದ ಮೇಲೆ ಲಾಯ ಗ್ಯಾರೇಜಾಯಿತು. ಬಾಡಿಗೆ ಜಟಕಾದ ಕುದುರೆಗೆ ಆ ನಕ್ಷೆಯಲ್ಲಿ ಅಂದೂ ಸ್ಥಳವಿರಲಿಲ್ಲ. 1949ರಲ್ಲಿ ದಂಡೂ ಪೇಟೆಯೂ ಸೇರಿ ಒಂದೇ ಕಾರ್ಪೊರೇಷನ್ ಆದ ಮೇಲೂ ಬರಲಿಲ್ಲ. 2025ರಲ್ಲಿ ಆ ಒಂದು ಪಾಲಿಕೆಯನ್ನು ಐದು ಮಾಡಿದರು. ಐವರಲ್ಲಿ ಒಬ್ಬರಾದರೂ ಈ ಕೆಲಸಕ್ಕೆ ಕೈಹಾಕುವರೆ?

ಪಂದ್ಯದ ಮೈದಾನದ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಹೊಸ ಲಾಯ ಎಂದ ಕೂಡಲೆ ನಮ್ಮ ಅಧಿಕಾರಸ್ಥರ ಮನಸ್ಸು ಅಲ್ಲಿಗೇ ಓಡುತ್ತದೆ. ಬೆಂಗಳೂರು ಟರ್ಫ್ ಕ್ಲಬ್ಬಿನ ಗುತ್ತಿಗೆ 2009ರ ಕೊನೆಗೆ ಮುಗಿಯಿತು. ಅಲ್ಲಿಂದೀಚೆಗೆ ತೆರವಿನ ಆಜ್ಞೆ, ಅದರ ಮೇಲೆ ವ್ಯಾಜ್ಯ, ಮಾತುಕತೆ. ಸ್ಥಳಾಂತರಕ್ಕೆ ಒಮ್ಮೆ ಚಿಕ್ಕಜಾಲದ ಹೆಸರು, ಇನ್ನೊಮ್ಮೆ ಕುಣಿಗಲ್ಲಿನ ಹೆಸರು. ಆ ಕುದುರೆಗಳು ಮುಂದೆ ಎಲ್ಲಿ ನಿಲ್ಲಬೇಕೆಂಬುದನ್ನು ಮಂತ್ರಿಗಳೇ ಕುಳಿತು ಯೋಚಿಸುತ್ತಾರೆ, ನಕ್ಷೆಗಳು ಬರುತ್ತವೆ, ನೂರು ಎಕರೆಯ ಮಾತು ಬರುತ್ತದೆ. ಅಲ್ಲಿನ ಸೈಸುಗಳ ಮೇಲೆ ನಮಗೇನೂ ಸಿಟ್ಟಿಲ್ಲ. 2024ರ ಜೂನಿನಲ್ಲಿ ಸರಕಾರ ಪರವಾನಗಿ ನಿರಾಕರಿಸಿ ಪಂದ್ಯಗಳು ನಿಂತಾಗ ಮೊದಲು ಬಾಡಿದ್ದು ಅವರ ಮುಖ, ಕುದುರೆಯ ಮಾಲೀಕರದಲ್ಲ. ಕುದುರೆ ಪಂದ್ಯ ಬರಿಯ ಜೂಜಲ್ಲ, ಅದರಲ್ಲಿ ಕೌಶಲವುಂಟು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಆ ಕೌಶಲದ ಅರ್ಧ, ಬೆಳಗಿನ ನಾಲ್ಕು ಗಂಟೆಗೆದ್ದು ಕುದುರೆಯ ಮೈ ಉಜ್ಜುವ ಕೈಯಲ್ಲಿದೆ ಎಂದು ನಾವು ಸೇರಿಸುತ್ತೇವೆ.

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲ ಖರ್ಚು ಕಟ್ಟಡದ್ದಲ್ಲ, ಎಣಿಕೆಯದು. 2019ರ ಜಾನುವಾರು ಗಣತಿಯ ಪ್ರಕಾರ ಇಡೀ ದೇಶದಲ್ಲಿ ಉಳಿದಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ, ಏಳು ವರ್ಷದಲ್ಲಿ ಶೇ. 45ಕ್ಕೂ ಹೆಚ್ಚು ಇಳಿದಿತ್ತು. ಇಂಥ ಕಾಲದಲ್ಲಿ ನೂರು ಕುದುರೆಗೆ ಲಾಯ ಕಟ್ಟಿಸಿ ಅರ್ಧ ಖಾಲಿ ಬಿಡುವುದು ಕಂಟ್ರಾಕ್ಟರನಿಗೆ ಮಾತ್ರ ಲಾಭ. ಪಶುವೈದ್ಯ ಇಲಾಖೆಯವರು ಬೆಳಗಿನ ಹೊತ್ತು, ಗಾಡಿ ಕಟ್ಟುವುದಕ್ಕೆ ಮುಂಚೆ, ಗಲ್ಲಿ ಗಲ್ಲಿ ತಿರುಗಿ ಎಣಿಸಲಿ. ಎಣಿಸುವಾಗಲೇ ಪ್ರತಿ ಕುದುರೆಗೆ ಒಂದು ಕಾರ್ಡು ಮಾಡಿ ರಕ್ತದ ಮಾದರಿ ತೆಗೆದುಕೊಳ್ಳಲಿ. ಆ ಲೆಕ್ಕಕ್ಕೆ ತಕ್ಕಂತೆ ಕಟ್ಟಬೇಕು. ಇಲ್ಲಿ ವಿವರಿಸುವ ಅನುಕೂಲಕ್ಕಾಗಿ ಎಣಿಕೆ 40 ಬಂತೆಂದು ಇಟ್ಟುಕೊಳ್ಳೋಣ.

ಪಂದ್ಯದ ಎತ್ತರದ ಕುದುರೆಗೆ 12 ಅಡಿ ಉದ್ದ 12 ಅಡಿ ಅಗಲದ ಕೋಣೆ ಬೇಕು. ನಮ್ಮ ಜಟಕಾ ಕುದುರೆ ಚಿಕ್ಕ ಆಳು, 10 ಅಡಿಗೆ 10 ಅಡಿ ಸಾಕು. ತಿರುಗಬಹುದು, ಕಾಲು ಚಾಚಿ ಮಲಗಬಹುದು. 40ಕ್ಕೆ 4,000 ಚದರಡಿ. ನಡುವಿನ ಹಜಾರಕ್ಕೆ 2,000, ಮೇವಿನ ಕೋಣೆ, ಜೀನು ಲಗಾಮು ಇಡುವ ಕೋಣೆ, ಸೈಸುಗಳು ತಂಗುವ ಕೋಣೆಗೆ 1,500, ಮೈ ತೊಳೆದು ಉಜ್ಜುವ ನಾಲ್ಕು ಅಂಕಣಕ್ಕೆ 500. ಸೂರಿನ ಕೆಳಗೆ ಒಟ್ಟು 8,000 ಚದರಡಿಯಾಯಿತು. ಕುದುರೆಯನ್ನು ಸುತ್ತು ನಡೆಸಲು 60 ಅಡಿ ವ್ಯಾಸದ ಬಯಲಿಗೆ 2,800, ಗಾಡಿ ನಿಲ್ಲಿಸಲು 6,000, ಲದ್ದಿಯ ಗುಂಡಿ, ನೀರಿನ ತೊಟ್ಟಿ, ಕಾಯಿಲೆಯ ಕುದುರೆಗೆ ಬೇರೆ ಮೂರು ಕೋಣೆ ಇವಕ್ಕೆ 2,500. 20 ಗುಂಟೆಯೆಂದರೆ 21,780 ಚದರಡಿ. ಇಷ್ಟೂ ಹಿಡಿಸಿ ನಾಲ್ಕಾರು ಹೊಂಗೆಯ ಮರಕ್ಕೂ ಜಾಗ ಉಳಿಯುತ್ತದೆ. ಕಾಯಿಲೆಯ ಕೋಣೆಗಳ ಬಕೆಟ್ಟು, ಬ್ರಷ್ಷು, ಚರಂಡಿ ಎಲ್ಲವೂ ಬೇರೆಯಾಗಿಯೇ ಇರಬೇಕು. ಹಣ ಸಾಲದಾದಾಗ ನಕ್ಷೆಯಿಂದ ಮೊದಲು ಅಳಿಸುವುದು ಈ ಮೂರು ಕೋಣೆಗಳನ್ನೇ; ಹಾಗೆ ಅಳಿಸಿದರೆ ಉಳಿದ ನಲವತ್ತನ್ನು ಕಟ್ಟದಿರುವುದೇ ಮೇಲು. ರೋಗದ ಕಾಲದಲ್ಲಿ ಒಂದೇ ಸೂರಿನ ಕೆಳಗೆ ನಲವತ್ತು ಕುದುರೆ ಕಟ್ಟುವುದೆಂದರೆ ಬೆಂಕಿಗೆ ಹುಲ್ಲು ಒಟ್ಟಿದ ಹಾಗೆ.

ನೆಲದ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಎಂಜಿನಿಯರುಗಳಿಗೆ ನುಣ್ಣಗಿನ ಸಿಮೆಂಟಿನ ಮೇಲೆ ವ್ಯಾಮೋಹ. ಒದ್ದೆ ಸಿಮೆಂಟಿನ ಮೇಲೆ ಲಾಳ ಕಟ್ಟಿದ ಕುದುರೆ ಜಾರಿದರೆ ಕಾಲು ಮುರಿಯಿತೆಂದೇ ಲೆಕ್ಕ. ದೇವನಹಳ್ಳಿಯ ದಾರಿಯಲ್ಲಿ ಸಾದರಹಳ್ಳಿಯ ಕಲ್ಲು ಸಿಗುತ್ತದೆ. ಒರಟಾಗಿ ಕೊಚ್ಚಿದ ಆ ಕಲ್ಲನ್ನೋ, ಇಟ್ಟಿಗೆಯನ್ನು ಅಡ್ಡ ಜೋಡಿಸಿದ ನೆಲವನ್ನೋ ಹಾಕಿ ಮೂತ್ರ ಹರಿಯುವಷ್ಟು ಇಳಿಜಾರು ಕೊಟ್ಟರೆ ಸಾಕು. ಮೂತ್ರ ನಿಂತರೆ ಗೊರಸು ಕೊಳೆಯುತ್ತದೆ, ಅದರ ಹಬೆಗೆ ಕುದುರೆಗೂ ಸೈಸನಿಗೂ ಕೆಮ್ಮು ಹತ್ತುತ್ತದೆ. ಸೂರಿಗೆ ಹೆಂಚು ಇರಲಿ, ಬೇಸಗೆಯಲ್ಲಿ ತಗಡಿನ ಕೆಳಗೆ ಕುದುರೆ ಬೇಯುತ್ತದೆ. ಬಿಸಿಗಾಳಿ ಹೋಗಲು ನೆತ್ತಿಯಲ್ಲಿ ಕಿಂಡಿ ಬಿಡಬೇಕು.

ನೀರು ಒಂದು ಕುದುರೆಗೆ ಕುಡಿಯಲು ದಿನಕ್ಕೆ 30 ಲೀಟರಿನಂತೆ 1,200, ಮೈ ತೊಳೆಯಲು ಮತ್ತು ನೆಲ ತೊಳೆಯಲು 2,000. ದಿನಕ್ಕೆ 3,200 ಲೀಟರ್ ಆಯಿತು. ಮೂರು ದಿನ ನೀರು ಬಾರದಿದ್ದರೂ ತಡೆಯುವಂತೆ 10,000 ಲೀಟರಿನ ತೊಟ್ಟಿ ಬೇಕು. ನೀರಿನ ಕಷ್ಟ ಗೊತ್ತಿರುವ ದಂಡಿನ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲದ್ದಿ ಒಂದಕ್ಕೆ 12 ಕಿಲೋ ಎಂದರೂ ದಿನಕ್ಕೆ 480 ಕಿಲೋ, ತಿಂಗಳಿಗೆ 14 ಟನ್ನಿಗೆ ಮೇಲೆ. ಇದನ್ನು ಕಸವೆಂದುಕೊಂಡರೆ ಸಾಗಿಸಲು ಲಾರಿಯ ಖರ್ಚು. ಗುಂಡಿಯಲ್ಲಿ ಕೊಳೆಸಿದರೆ ಹೂದೋಟದವರು ಕೊಳ್ಳುವ ಗೊಬ್ಬರ. ಮೇವು ದಿನಕ್ಕೆ ಕುದುರೆಗೆ 5 ಕಿಲೋ ಒಣಹುಲ್ಲು, ಒಂದೂವರೆ ಕಿಲೋ ಹುರುಳಿ ಬೂಸಾ ಎಂದು ಹಿಡಿದರೆ ತಿಂಗಳಿಗೆ 6 ಟನ್ ಹುಲ್ಲು, 1,800 ಕಿಲೋ ಹುರುಳಿ ಬೂಸಾ. ಇಂದು ಪ್ರತಿಯೊಬ್ಬ ಗಾಡಿಯವನೂ ಸಂಜೆಯ ಸಂಪಾದನೆಯಲ್ಲಿ ಎರಡು ಮೂರು ಕಿಲೋ ಸಾಲ ಕೊಂಡು ಚಿಲ್ಲರೆ ಬೆಲೆ ತೆರುತ್ತಾನೆ. ಎಲ್ಲರೂ ಸೇರಿ ಸಗಟಾಗಿ ಕೊಂಡರೆ ಉಳಿಯುವ ದುಡ್ಡು ಎಷ್ಟೆಂದು ಲೆಕ್ಕ ಹಾಕಲು ನಮ್ಮ ಓದುಗರಲ್ಲಿರುವ ವರ್ತಕರೇ ಸಮರ್ಥರು. ಆರು ವಾರಕ್ಕೊಮ್ಮೆ ಲಾಳ ಬದಲಾಯಿಸಬೇಕು. 40 ಕುದುರೆಗೆ 160 ಲಾಳ, ವಾರಕ್ಕೆ ಏಳು ಕುದುರೆ. ಲಾಳ ಕಟ್ಟುವವನೊಬ್ಬನಿಗೆ ಅಲ್ಲೇ ಒಂದು ಕುಲುಮೆ ಹಾಕಿಕೊಟ್ಟರೆ ಹೊರಗಿನ ಕುದುರೆಗಳೂ ಬರುತ್ತವೆ, ಅವನಿಗೂ ತಿಂಗಳಿಡೀ ಕೆಲಸ ಸಿಗುತ್ತದೆ.

ಈಗ ರೂಪಾಯಿ. ದರಗಳನ್ನು ನಾವು ಲೆಕ್ಕಕ್ಕಾಗಿ ಮಾತ್ರ ಹಿಡಿಯುತ್ತಿದ್ದೇವೆ, ಲೋಕೋಪಯೋಗಿ ಇಲಾಖೆಯ ದರಪಟ್ಟಿ ನೋಡಿ ತಿದ್ದಿಕೊಳ್ಳಬಹುದು. ಸೂರಿನ ಕೆಳಗಿನ 8,000 ಚದರಡಿಗೆ 1,500ರಂತೆ 1 ಕೋಟಿ 20 ಲಕ್ಷ. ತೊಟ್ಟಿ, ಚರಂಡಿ, ಕಾಂಪೌಂಡು, ಕಾಯಿಲೆಯ ಕೋಣೆ ಸೇರಿ 30 ಲಕ್ಷ. ಒಟ್ಟು ಒಂದೂವರೆ ಕೋಟಿ. ಈ ಮೊತ್ತವನ್ನು ಮಂಜೂರು ಮಾಡಿಸುವುದು ಕಷ್ಟವಲ್ಲ. ಶಂಕುಸ್ಥಾಪನೆ ಮಾಡುವವರು, ರಿಬ್ಬನ್ ಕತ್ತರಿಸುವವರು ಧಾರಾಳವಾಗಿ ಸಿಗುತ್ತಾರೆ. ಕಷ್ಟವಿರುವುದು ಮಾರನೆಯ ದಿನದಿಂದ. ಕಾವಲಿಗೆ ಒಬ್ಬ, ಗುಡಿಸಿ ತೊಳೆಯಲು ಇಬ್ಬರು, ಮೇವು ಲೆಕ್ಕ ನೋಡಲು ಒಬ್ಬ. ನಾಲ್ವರಿಗೆ ತಲಾ 18,000ದಂತೆ ತಿಂಗಳಿಗೆ 72,000, ವರ್ಷಕ್ಕೆ 8,64,000. ನೀರು, ದೀಪ, ಔಷಧಿ, ರಿಪೇರಿಗೆ 3 ಲಕ್ಷ. ವರ್ಷದ ಖರ್ಚು 11,64,000. ಗಾಡಿಯವರಿಂದ ಕುದುರೆಗೆ ದಿನಕ್ಕೆ 20 ರೂಪಾಯಿ ಬಾಡಿಗೆ ವಸೂಲಾದರೂ ವರ್ಷಕ್ಕೆ ಬರುವುದು 2,88,000. ಕೊರತೆ 8,76,000. ಬಾಡಿಗೆಯನ್ನು ಎಂಬತ್ತಕ್ಕೆ ಏರಿಸಿ ಕೊರತೆ ತುಂಬಿಸಬಹುದೆಂದು ಯಾವನೋ ಲೆಕ್ಕಾಧಿಕಾರಿ ಬುದ್ಧಿ ಹೇಳಿಯಾನು. ಏರಿಸಿದ ವಾರದೊಳಗೆ ಕುದುರೆಗಳೆಲ್ಲ ಮತ್ತೆ ಗಲ್ಲಿಯ ಗೂಟಕ್ಕೆ ಹೋಗುತ್ತವೆ, ಲಾಯದಲ್ಲಿ ಪಾಲಿಕೆಯ ಕೆಟ್ಟ ಲಾರಿಗಳು ನಿಲ್ಲುತ್ತವೆ. ಇಂಥ ಕಟ್ಟಡಗಳು ನಮ್ಮ ಜಿಲ್ಲೆಯಲ್ಲಿಯೂ ಇವೆ, ಓದುಗರು ತಮ್ಮ ಊರಿನ ಸಂತೆಮಾಳದಲ್ಲಿ ನೋಡಿರಬಹುದು.

ಆದ್ದರಿಂದ ನಮ್ಮ ಬೇಡಿಕೆ ಕಟ್ಟಡದ ಹಣಕ್ಕಿಂತ ಹೆಚ್ಚಾಗಿ ಆ 8,76,000ದ ಮೇಲೆ. ಅದು ಪಾಲಿಕೆಯ ಮುಂಗಡಪತ್ರದಲ್ಲಿ ಪ್ರತಿ ವರ್ಷ ತನ್ನದೇ ಬಾಬಿನ ಕೆಳಗೆ ಬರಬೇಕು, ‘ಇತರೆ’ ಎಂಬ ಹಾಳುಬಾವಿಯಲ್ಲಿ ಅಲ್ಲ. ಹಣ ಎಲ್ಲಿಂದ ಎನ್ನುವವರಿಗೆ ದಾರಿಯನ್ನೂ ತೋರಿಸುತ್ತೇವೆ. ಪಂದ್ಯದ ಬಾಜಿಯ ಮೇಲೆ 2017ರಿಂದ ಶೇ. 28, 2025ರ ಸೆಪ್ಟೆಂಬರಿನಿಂದ ಶೇ. 40 ಜಿ. ಎಸ್. ಟಿ. ಇದೆ. ಅದರಲ್ಲಿ ರಾಜ್ಯಕ್ಕೂ ಪಾಲುಂಟು. ಕುದುರೆಯ ಓಟದಿಂದ ಬಂದ ತೆರಿಗೆಯಲ್ಲಿ ಒಂದು ಚೂರನ್ನು ಕುದುರೆಯ ದುಡಿಮೆಗೆ ಮೀಸಲಿಡುವುದರಲ್ಲಿ ಅನ್ಯಾಯವೇನಿದೆ?

ಕುದುರೆಯನ್ನು ರಸ್ತೆಯಿಂದಲೇ ತೆಗೆದುಬಿಡಿ, ಲಾಯವೇಕೆ ಎನ್ನುವ ದಯಾಳುಗಳೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ಬಡಕಲು ಕುದುರೆಗೆ ಎಂಟು ಜನ ಹತ್ತಿಸಿ ಚಾಟಿ ಬೀಸುವುದನ್ನು ನಾವೂ ಸಮರ್ಥಿಸುವುದಿಲ್ಲ. ಆದರೆ ಮುಂಬಯಿಯನ್ನು ನೋಡಿ. 2015ರಲ್ಲಿ ಅಲ್ಲಿನ ಹೈಕೋರ್ಟು ಮೋಜಿನ ವಿಕ್ಟೋರಿಯಾ ಗಾಡಿಗಳು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತು, ಗಾಡಿಯವರಿಗೂ ಕುದುರೆಗಳಿಗೂ ಪುನರ್ವಸತಿಯಾಗಬೇಕೆಂದಿತು. ಗಾಡಿ ನಿಲ್ಲಿಸುವುದು ಒಂದು ಸಹಿಯ ಕೆಲಸ, ಪುನರ್ವಸತಿ ವರ್ಷಗಳ ಕೆಲಸ. ನಾಳೆ ಇಲ್ಲಿಯೂ ಜಟಕಾ ನಿಂತೀತು. ನಿಂತ ದಿನ ಆ ಕುದುರೆಗಳು ಆವಿಯಾಗಿ ಹೋಗುವುದಿಲ್ಲ. ಮುದಿ ಕುದುರೆಗೂ ನೆರಳು ಬೇಕು, ಅದನ್ನು ಸಾಕಿದವನಿಗೂ ಹೊಸ ದುಡಿಮೆ ಸಿಗುವವರೆಗೆ ಕೂಳು ಬೇಕು. ಲಾಯದ ಗೋಡೆಗಳನ್ನು ಕಳಚಿ ಜೋಡಿಸುವಂತೆ ಕಟ್ಟಿದರೆ ಕುದುರೆ ಕಡಿಮೆಯಾದಂತೆ ಅದೇ ಸೂರು ಬೀದಿಯ ದನಕ್ಕೆ, ಪಶು ಚಿಕಿತ್ಸೆಗೆ ಒದಗುತ್ತದೆ.

ಕುಕ್ ಟೌನಿನ ನಿವಾಸಿಗಳು ನೊಣ, ವಾಸನೆ ಎಂದು ಆಕ್ಷೇಪಿಸುವರೆಂದೂ ಕೇಳುತ್ತೇವೆ. ನೊಣ ಈಗಲೂ ಇದೆ, ಏಕೆಂದರೆ ಲದ್ದಿ ಈಗ ಬಯಲು ಚರಂಡಿಯಲ್ಲಿದೆ. ಮುಚ್ಚಿದ ಗುಂಡಿಗೆ ಹೋದರೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಜಾಗಕ್ಕೂ ಕೊರತೆಯೆನ್ನುವ ಹಾಗಿಲ್ಲ. ದಂಡಿನಲ್ಲಿ ಸೈನ್ಯದ್ದು, ರೈಲ್ವೆಯದು, ಪಾಲಿಕೆಯದು ಎಂದು ಮೂವರು ದೊಡ್ಡ ಜಮೀನ್ದಾರರಿದ್ದಾರೆ. ಟ್ಯಾನರಿ ರಸ್ತೆಯಲ್ಲಿ ಪಾಲಿಕೆ ಕಸಾಯಿಖಾನೆಗೆ ಜಾಗ ಕೊಟ್ಟಿದೆ, ಅದು ಬೇಕಾದದ್ದೇ. ಜೀವಂತ ದುಡಿಯುವ ಪ್ರಾಣಿಗೂ ಹುಡುಕಿದರೆ ಸಿಕ್ಕೀತು. ಹೆಬ್ಬಾಳದ ಪಶುವೈದ್ಯ ಕಾಲೇಜು, ಕ್ವೀನ್ಸ್ ರಸ್ತೆಯ ಪಶು ಆಸ್ಪತ್ರೆ ಎರಡೂ ದೂರವಲ್ಲ. ವಾರಕ್ಕೆರಡು ದಿನ ವೈದ್ಯರೊಬ್ಬರು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರೆ ಅವರಿಗೂ ಪಾಠವಾಗುತ್ತದೆ.

ಆಡಳಿತವನ್ನು ಕಂಟ್ರಾಕ್ಟಿಗೆ ಕೊಡಬಾರದು. ಗಾಡಿಯವರು, ಸೈಸುಗಳು, ಲಾಳ ಕಟ್ಟುವವರು ಸೇರಿ ಒಂದು ಸಹಕಾರ ಸಂಘ ಮಾಡಿಕೊಳ್ಳಲಿ. ಮೇವಿನ ಖರೀದಿ, ಗೊಬ್ಬರದ ಮಾರಾಟ, ಕೋಣೆಗಳ ಹಂಚಿಕೆ ಅವರದಾಗಲಿ. ಕಟ್ಟಡ, ನೀರು, ವೈದ್ಯ ಪಾಲಿಕೆಯದಾಗಲಿ. ಮುಂಗಡಪತ್ರದ ಸಿದ್ಧತೆ ಚಳಿಗಾಲದಲ್ಲೇ ಶುರುವಾಗಿ ಮಾರ್ಚಿಗೆ ಮುಗಿದುಹೋಗುತ್ತದೆ. ಏಪ್ರಿಲಿನಲ್ಲಿ ಅರ್ಜಿ ಹಿಡಿದು ಹೋದವನಿಗೆ ಸಿಗುವುದು ಬರುವ ವರ್ಷ ಎಂಬ ಉತ್ತರ. ಜಟಕಾದವರು ಈಗಲೇ ಒಂದು ಸಭೆ ಕರೆದು, ತಮ್ಮ ಕುದುರೆಗಳನ್ನು ತಾವೇ ಎಣಿಸಿ, ಆ ಪಟ್ಟಿಯನ್ನು ಅರ್ಜಿಯ ಜೊತೆಗಿಟ್ಟು ಪಾಲಿಕೆಯ ಕಮಿಷನರಿಗೂ ಪಶುಸಂಗೋಪನಾ ಇಲಾಖೆಗೂ ಒಂದೊಂದು ಪ್ರತಿ ಕೊಟ್ಟು, ತಲುಪಿದ್ದಕ್ಕೆ ರಸೀದಿ ಪಡೆದುಕೊಳ್ಳಬೇಕು.